ಗೋಡೆಗೆ ಕಣ್ಣೂ ಬಂದಿತು

ಗೋಡೆಗೂ ಕಿವಿಯುಂಟೆಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಮನೆಯ ಹಿರಿಯರು ಸಾಲದ ಮಾತನ್ನೋ ಸಂಬಂಧದ ಮಾತನ್ನೋ ಎತ್ತಿದಾಗ ಚಿಕ್ಕವರಾದ ನಮ್ಮ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ, ಈ ಗಾದೆಯನ್ನು ಹೇಳಿಯೇ ಮುಂದುವರಿಯುತ್ತಿದ್ದರು. ಆ ಗಾದೆಯನ್ನು ಕಟ್ಟಿದ ಪುಣ್ಯಾತ್ಮನಿಗೆ ಒಂದು ನೆಮ್ಮದಿಯಿತ್ತು. ಗೋಡೆಯ ಆಚೆಗಿರುವ ಕಿವಿ ಯಾರದೆಂಬುದು ಅವನಿಗೆ ಹೆಚ್ಚು ಕಡಿಮೆ ಗೊತ್ತಿತ್ತು. ನೆರೆಮನೆಯವರದಿರಬೇಕು, ಇಲ್ಲವೆ ದಾಯಾದಿಗಳದಿರಬೇಕು. ದನಿ ತಗ್ಗಿಸಿದರೆ ಆ ಕಿವಿಗೆ ಮಾತು ಮುಟ್ಟುತ್ತಿರಲಿಲ್ಲ. ಈಗ ನಮ್ಮ ಊರಿನ ಗೋಡೆಗಳಿಗೆ ಕಿವಿಯ ಜೊತೆಗೆ ಕಣ್ಣೂ ಬಂದಿದೆ. ಅದು ಕತ್ತಲೆಯಲ್ಲಿಯೂ ನೋಡುತ್ತದೆ. ನೋಡಿದುದನ್ನು ಮರೆಯದೆ ಇಟ್ಟುಕೊಳ್ಳುತ್ತದೆ. ಆ ಕಣ್ಣಿನ ಹಿಂದೆ ಕುಳಿತು ನೋಡುವವರು ಯಾರೆಂದು ಕೇಳಿದರೆ ಮನೆಯ ಯಜಮಾನರಿಗೇ ಉತ್ತರ ತಿಳಿದಿರುವುದಿಲ್ಲ. ಈ ಕಣ್ಣಿನೊಡನೆ ಒಂದೂವರೆ ವರ್ಷ ಬಾಳಿದವಳಾಗಿ ಅದರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆನ್ನಿಸಿತು.

ಮೊದಲು ನಮ್ಮ ಮನೆಗಳ ಸಂಗತಿ. ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯಲ್ಲಿ ಹಳದೀಪುರವನ್ನು ದಾಟಿಹೋಗುವವರಿಗೆ ಕಾಣುವುದು ನಾಲ್ಕು ಅಂಗಡಿಗಳು ಮತ್ತು ತೆಂಗಿನ ಮರಗಳು ಮಾತ್ರ. ಹೆದ್ದಾರಿಯನ್ನು ಬಿಟ್ಟು ಕೇರಿಯೊಳಗೆ ಇಳಿದರೆ ಹಳೆಯ ಮನೆಗಳ ಕ್ರಮ ಕಣ್ಣಿಗೆ ಬೀಳುತ್ತದೆ. ಮೊದಲು ದಣಪೆ, ಅದನ್ನು ದಾಟಿದರೆ ಅಂಗಳ, ಅಂಗಳದಿಂದ ಮೆಟ್ಟಿಲು ಹತ್ತಿದರೆ ಜಗಲಿ, ಒಳಗೆ ನಡುಮನೆ, ದೇವರ ಕೋಣೆ, ಅಡಿಗೆಮನೆ. ಹಿಂದೆ ಬಚ್ಚಲು, ಬಾವಿ, ಹಿತ್ತಲು. ಬೇಡಲು ಬಂದವನು ಅಂಗಳದವರೆಗೆ, ಅಂಚೆಯವನು ಜಗಲಿಯ ಮೆಟ್ಟಿಲಿನವರೆಗೆ, ಪರಿಚಿತರು ಜಗಲಿಯ ಮೇಲೆ ಕುಳಿತು ಕವಳ ಹಾಕುವವರೆಗೆ, ನೆಂಟರು ನಡುಮನೆಯವರೆಗೆ. ಹಿತ್ತಲ ಬಾಗಿಲಿನಿಂದ ನೇರವಾಗಿ ಅಡಿಗೆಮನೆಗೆ ಬರುವ ಅಧಿಕಾರ ಕೇರಿಯ ಆಪ್ತ ಹೆಂಗಸರಿಗೆ ಮಾತ್ರ. ಈ ಮೆಟ್ಟಿಲುಗಳ ಲೆಕ್ಕದಲ್ಲಿ ಜಾತಿಯ ಅನ್ಯಾಯವೂ ಸೇರಿಕೊಂಡಿದ್ದಿತು. ಅದನ್ನು ಹೊಗಳಲು ನಾನು ಹೊರಟಿಲ್ಲ. ಬಂದವರು ಯಾರು, ಎಲ್ಲಿಯವರೆಗೆ ಬಂದರು, ಯಾವಾಗ ಎದ್ದುಹೋದರು ಎಂಬುದು ಮನೆಯಲ್ಲಿದ್ದವರಿಗೆ ತಿಳಿಯುತ್ತಿತ್ತು ಎಂಬಷ್ಟು ಮಾತ್ರ ಈ ಪ್ರಬಂಧಕ್ಕೆ ಸಾಕು.

ನಮ್ಮ ಮನೆಯಲ್ಲಿ ಈಗ ಇರುವವರು ಇಬ್ಬರೇ, ಆಯಿ ಮತ್ತು ನಾನು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಅಣ್ಣ ಶಾರ್ಜಾದಲ್ಲಿದ್ದಾನೆ. ನಾನು ಬೆಳಿಗ್ಗೆ ಬಸ್ಸು ಹಿಡಿದು ಕಾಲೇಜಿಗೆ ಬಂದರೆ ಸಂಜೆಯವರೆಗೆ ಆಯಿ ಒಬ್ಬಳೇ. ಹೋದ ವರ್ಷಕ್ಕಿಂತ ಹಿಂದಿನ ಬೇಸಗೆಯಲ್ಲಿ ಕೇರಿಯ ಎರಡು ಮನೆಗಳಲ್ಲಿ ರಾತ್ರಿ ತೆಂಗಿನಕಾಯಿ ಕಳುವಾಯಿತು. ಕಳ್ಳನು ಕಾಯಿಯನ್ನಷ್ಟೇ ಕೊಂಡುಹೋದನಾದರೂ ಸುದ್ದಿ ಸಮುದ್ರ ದಾಟಿ ಶಾರ್ಜಾ ಮುಟ್ಟುವಷ್ಟರಲ್ಲಿ ಅದು ದೊಡ್ಡ ದರೋಡೆಯಾಗಿತ್ತು. ಒಂದೇ ವಾರದಲ್ಲಿ ಅಣ್ಣನು ಫೋನಿನಲ್ಲಿಯೇ ಎಲ್ಲವನ್ನೂ ಗೊತ್ತುಮಾಡಿದ. ಒಬ್ಬ ಹುಡುಗ ಏಣಿ ಹಿಡಿದು ಬಂದ, ಜಗಲಿಯ ಮೂಲೆಯಲ್ಲಿ ತೊಲೆಯ ಕೆಳಗೆ ಮೊಳೆ ಹೊಡೆದ, ಬಿಳಿಯ ಗುಂಡಗಿನ ಕ್ಯಾಮರಾ ಒಂದನ್ನು ಸಿಕ್ಕಿಸಿದ, ಮನೆಯ ವೈಫೈಗೆ ಜೋಡಿಸಿದ, ಚಹಾ ಕುಡಿದು ಹೋದ. ಅಂದಿನಿಂದ ನಮ್ಮ ಜಗಲಿ, ತೆರೆದ ಬಾಗಿಲಿನ ಮೂಲಕ ನಡುಮನೆಯ ಅರ್ಧಭಾಗ, ಎರಡೂ ಶಾರ್ಜಾದಲ್ಲಿ ಕಾಣತೊಡಗಿದವು.

ಅದರಿಂದಾದ ಉಪಕಾರವನ್ನು ಹೇಳದಿದ್ದರೆ ಕೃತಘ್ನತೆಯಾದೀತು. ಜುಲೈ ತಿಂಗಳ ಜಡಿಮಳೆಯಲ್ಲಿ ಒಂದು ದಿನ ಆಯಿಗೆ ಚಳಿಜ್ವರ ಬಂದು ಮಧ್ಯಾಹ್ನದಿಂದ ಎದ್ದಿರಲಿಲ್ಲ. ಜಗಲಿಗೆ ಯಾರೂ ಬಾರದಿದ್ದುದನ್ನು ಕಂಡು ಅಣ್ಣನೇ ಅಲ್ಲಿಂದ ನೆರೆಮನೆಯ ದೊಡ್ಡಮ್ಮನಿಗೆ ಫೋನು ಮಾಡಿ ಕಳಿಸಿದ. ನಾನು ಮನೆ ಮುಟ್ಟುವಷ್ಟರಲ್ಲಿ ದೊಡ್ಡಮ್ಮ ಗಂಜಿ ಕಾಯಿಸಿ ಕುಡಿಸಿದ್ದಳು. ಮಗನ ಕಣ್ಣು ಮನೆಯ ಮೇಲಿದೆಯೆಂಬ ಸಮಾಧಾನ ಆಯಿಗೂ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ಕ್ಯಾಮರಾದ ಕಡೆಗೆ ತಿರುಗಿ, “ಊಟ ಆಯ್ತೇನ ತಮಾ?” ಎಂದು ಕೇಳುವುದನ್ನು ನಾನೇ ಕಂಡಿದ್ದೇನೆ.

ಆದರೆ ದಿನ ಕಳೆದಂತೆ ಮನೆಯಲ್ಲಿ ಕೆಲವು ಸಣ್ಣ ಬದಲಾವಣೆಗಳಾದವು. ಆಯಿ ತಲೆಗೆ ಮಿಂದು ಜಗಲಿಯಲ್ಲಿ ಕೂದಲು ಹರವಿ ಕೂಡ್ರುವುದನ್ನು ಬಿಟ್ಟಳು. ಏಪ್ರಿಲ್ ತಿಂಗಳ ಸೆಕೆಯಲ್ಲಿ ನಡುಮನೆಯ ತಣ್ಣನೆಯ ನೆಲದ ಮೇಲೆ ಸೆರಗು ಸಡಿಲಿಸಿ ಮಲಗುತ್ತಿದ್ದವಳು ದೇವರ ಕೋಣೆಯ ಪಕ್ಕದ ಕತ್ತಲೆಯ ಮೂಲೆಯನ್ನು ಹುಡುಕಿಕೊಂಡಳು. “ಅಂವ ನೋಡ್ತಾ ಇದ್ನೇನ ತಂಗಿ, ಆ ಬಾಗ್ಲು ಒಂಚೂರು ಎಳಿ” ಎಂಬ ಮಾತು ದಿನಕ್ಕೆ ಎರಡು ಸಲವಾದರೂ ಬರುತ್ತಿತ್ತು. ಸಂಜೆ ಹೂವು ಕಟ್ಟುತ್ತ ಜಗಲಿಯಲ್ಲಿ ಕೂಡ್ರುತ್ತಿದ್ದ ದೊಡ್ಡಮ್ಮ ಮೊದಲು ಕ್ಯಾಮರಾಕ್ಕೆ ಬೆನ್ನು ಹಾಕಿ ಕುಳಿತಳು, ಆಮೇಲೆ ಹಿತ್ತಲ ಬಾಗಿಲಿಗೆ ಬಂದು ನಿಂತೇ ಮಾತನಾಡಿ ಹೋಗತೊಡಗಿದಳು. ಅವಳಿಗೆ ತನ್ನ ಸೊಸೆಯ ವಿಷಯ ಹೇಳಿಕೊಳ್ಳಲು ಬೇರೆ ಜಗಲಿಯಿರಲಿಲ್ಲ.

ನನ್ನ ಪಾಲಿಗೂ ಒಂದು ಬಂತು. ಒಂದು ಸಂಜೆ ಗ್ರಂಥಾಲಯದಲ್ಲಿ ಕುಳಿತದ್ದರಿಂದ ಹೊತ್ತಾಯಿತು, ಬಸ್ಸೂ ತಡವಾಗಿ ಬಂತು. ಮರುದಿನ ಅಣ್ಣ ಫೋನಿನಲ್ಲಿ, “ನಿನ್ನೆ ಎಷ್ಟು ಗಂಟೆಗೆ ಬಂದ್ಯೇ?” ಎಂದು ಕೇಳಿದ. ಏಳೂಕಾಲಾಯಿತು ಎಂದೆ. “ಏಳು ಇಪ್ಪತ್ತೆರಡು” ಎಂದು ಅವನೇ ತಿದ್ದಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ; ತಂಗಿಯ ಮೇಲಿನ ಕಾಳಜಿಯೇ ಇತ್ತು. ಆದರೂ ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡು ಪ್ರಶ್ನೆ ಕೇಳಿದಾಗ, ಉತ್ತರ ಕೊಡುವವಳು ತಾನಾಗಿಯೇ ಆರೋಪಿಯಾಗುತ್ತಾಳೆ. ಊರಿನಲ್ಲಿದ್ದಾಗ ಇದೇ ಅಣ್ಣ ಬಸ್ಸು ತಡವಾದರೆ ಟಾರ್ಚು ಹಿಡಿದು ರಸ್ತೆಗೆ ಬಂದು ನಿಲ್ಲುತ್ತಿದ್ದ. ಆಗ ನನಗೆ ಹೀಗೆ ಅನಿಸಿರಲಿಲ್ಲ.

ಈ ಯಂತ್ರ ನೋಡುವುದು ಹೇಗೆಂದು ತಿಳಿಯುವ ಕುತೂಹಲ ಹುಟ್ಟಿದುದು ಆ ದಿನವೇ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ ಆದುದರಿಂದ, ಅಕ್ಕಿಯ ಡಬ್ಬಿಯ ಮೇಲೆ ಇಟ್ಟಿದ್ದ ಅದರ ಕೈಪಿಡಿ ನನ್ನ ಪಾಲಿಗೆ ಬಂತು. ಜಗಲಿಯ ಕ್ಯಾಮರಾದಿಂದ ಶಾರ್ಜಾದ ಮೊಬೈಲಿಗೆ ಚಿತ್ರವು ನೇರವಾಗಿ ಹಾರಿ ಹೋಗುತ್ತದೆಂದು ನಾವೆಲ್ಲ ತಿಳಿದಿದ್ದೆವು. ಅದು ಹಾಗಲ್ಲ. ಇಂಥ ಕ್ಯಾಮರಾ ಮನೆಯ ರೌಟರಿನ ಮೂಲಕ ಹೊರಗೆ ಹೋಗಿ ತನ್ನನ್ನು ಮಾಡಿದ ಕಂಪೆನಿಯ ಸರ್ವರ್ ಎಂಬ ದೊಡ್ಡ ಗಣಕಯಂತ್ರವನ್ನು ತಲಪುತ್ತದೆ. ನೋಡುವವನ ಮೊಬೈಲೂ ಅಲ್ಲಿಗೇ ಹೋಗಿ ತನ್ನ ಹೆಸರು, ಪಾಸ್‌ವರ್ಡ್ ಹೇಳುತ್ತದೆ. ಎರಡನ್ನೂ ಕೂಡಿಸಿಕೊಡುವವನು ಆ ಸರ್ವರು. ಧ್ವನಿಮುದ್ರಣ, ಹಿಂದಿನ ದಿನಗಳ ಚಿತ್ರ ಇವುಗಳನ್ನು ಕ್ಯಾಮರಾದೊಳಗಿನ ಉಗುರಿನಷ್ಟು ಅಗಲದ ಕಾರ್ಡಿನಲ್ಲಿ ಇಡಬಹುದು, ಇಲ್ಲವೆ ಕಂಪೆನಿಯ ಉಗ್ರಾಣದಲ್ಲಿ ಇಡಬಹುದು. ಅಲ್ಲಿಗೆ, ನಮ್ಮ ಜಗಲಿಗೂ ಅಣ್ಣನ ಕೋಣೆಗೂ ನಡುವೆ ಚಿತ್ರವು ಇಳಿದುಕೊಳ್ಳುವ ಒಂದು ಛತ್ರವಿದೆ. ಆ ಛತ್ರದ ಬೀಗದ ಕೈ ನಮ್ಮ ಬಳಿ ಇಲ್ಲ.

ನನ್ನ ಮೊಬೈಲಿನಲ್ಲಿಯೂ ಆ ಆ್ಯಪನ್ನು ಹಾಕಿಕೊಂಡು ಕ್ಯಾಮರಾವನ್ನು ಸೇರಿಸಹೋದೆ. ಒಡೆಯನು ಮಾತ್ರ ಹೊಸಬರನ್ನು ಸೇರಿಸಬಹುದೆಂದು ಅದು ತಿಳಿಸಿತು. ಅಣ್ಣನಿಗೆ ಫೋನು ಮಾಡಿ ಸೇರಿಸಲು ಹೇಳಿದರೆ ಅವನಿಗೂ ಅದೇ ಉತ್ತರ ಬಂತು. ಅವನು ಒಡೆಯನಲ್ಲ, ಅತಿಥಿ. ಹಾಗಾದರೆ ಒಡೆಯ ಯಾರು? ಹಣ ಕೊಟ್ಟವನು ಅಣ್ಣ, ವಿದ್ಯುತ್ತಿನ ಬಿಲ್ಲು ತುಂಬುವವಳು ಆಯಿ, ಆದರೆ ಕಾಗದಪತ್ರದಲ್ಲಿ ನಮ್ಮ ಜಗಲಿಯ ಒಡೆತನ ಏಣಿ ಹಿಡಿದು ಬಂದ ಹುಡುಗನ ಮೊಬೈಲಿನಲ್ಲಿತ್ತು. ಕೂಡಿಸುವ ದಿನ ತನ್ನ ಮೊಬೈಲಿನಿಂದಲೇ ನೋಂದಾಯಿಸಿ, ಆಮೇಲೆ ಅಣ್ಣನಿಗೆ ನೋಡುವ ಅನುಮತಿಯನ್ನು ಅವನು ಕಳಿಸಿದ್ದ. ಅಂದರೆ ಎಂಟು ತಿಂಗಳಿಂದ ಬೇಕೆಂದಾಗ ನಮ್ಮ ನಡುಮನೆಯನ್ನು ನೋಡುವ ಸಾಮರ್ಥ್ಯ ಒಬ್ಬ ಅಪರಿಚಿತನಿಗೆ ಇತ್ತು.

ನಾನು ಅವನಿಗೆ ಫೋನು ಮಾಡಿದೆ. ಅವನೇನೂ ಗಾಬರಿಗೊಳ್ಳಲಿಲ್ಲ. “ಎಲ್ಲಾ ಮನೆಗೂ ಹಾಗೇ ಮಾಡುದು ಅಕ್ಕಾ. ಏನಾದ್ರೂ ಕೆಟ್ರೆ ಇಲ್ಲಿಂದ್ಲೇ ಸರಿ ಮಾಡ್ಬಹುದು. ಪಾಸ್‌ವರ್ಡೂ ಎಲ್ಲರಿಗೂ ಒಂದೇ ಇಟ್ಟಿರ್ತೇವೆ, ಮರೆತೋಯ್ತು ಅಂತ ಫೋನು ಬರುದಿಲ್ಲ ನೋಡಿ” ಎಂದ. ನೀನು ನೋಡುತ್ತಿದ್ದೆಯಾ ಎಂದು ಕೇಳಿದೆ. ಇಲ್ಲವೆಂದ. ಅವನ ಮಾತನ್ನು ನಾನು ನಂಬುತ್ತೇನೆ. ಹೇಳಿದ ಕೂಡಲೆ ಒಡೆತನವನ್ನು ಬಿಟ್ಟುಕೊಟ್ಟ, ಉಪಕಾರವನ್ನೇ ಮಾಡಿದ. ಆದರೆ ಒಬ್ಬನ ಸಜ್ಜನಿಕೆಯೊಂದೇ ನಮ್ಮ ಮನೆಯ ಬಾಗಿಲಿಗೆ ಅಗುಳಿಯಾಗಿತ್ತೆಂದು ತಿಳಿದ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಯಿಗೆ ಈ ಸಂಗತಿಯನ್ನು ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ ಕೊನೆಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಒಂದು ಹಳೆಯ ಪಂಜಿಯನ್ನು ತಂದು ಆ ಕ್ಯಾಮರಾದ ಮೇಲೆ ಹಾಕಿದಳು.

ಎಲ್ಲರಿಗೂ ಒಂದೇ ಪಾಸ್‌ವರ್ಡ್ ಎಂಬ ಆ ಅನುಕೂಲದ ಮಾತು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಜಗತ್ತಿನಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. 2016ರಲ್ಲಿ ಅಮೇರಿಕದ ಮೂವರು ತರುಣರು, ಹೆಚ್ಚು ಕಡಿಮೆ ನಮ್ಮ ವಯಸ್ಸಿನವರೇ, ಮಿರಾಯ್ ಎಂಬ ಒಂದು ಕ್ರಮವಿಧಿಯನ್ನು ರಚಿಸಿದರು. ಜಪಾನೀ ಭಾಷೆಯಲ್ಲಿ ಆ ಶಬ್ದಕ್ಕೆ ಭವಿಷ್ಯವೆಂದು ಅರ್ಥ. ಅದರ ಉಪಾಯ ಬಹಳ ಸರಳ. ಇಂಟರ್‌ನೆಟ್ಟಿಗೆ ಜೋಡಿಸಿದ ಕ್ಯಾಮರಾ, ರೌಟರ್ ಮೊದಲಾದವುಗಳನ್ನು ಒಂದೊಂದಾಗಿ ತಟ್ಟುವುದು. ಕಾರ್ಖಾನೆಯಿಂದ ಬರುವಾಗಲೇ ಇರುವ ಹೆಸರು ಮತ್ತು ಪಾಸ್‌ವರ್ಡುಗಳ ಸುಮಾರು 60 ಜೋಡಿಗಳ ಪಟ್ಟಿಯನ್ನು ಹಿಡಿದು ಒಂದಾದ ಮೇಲೊಂದನ್ನು ಹೇಳಿ ನೋಡುವುದು. ಕೊಂಡವರು ಅದನ್ನು ಬದಲಾಯಿಸಿರದಿದ್ದರೆ ಬಾಗಿಲು ತೆರೆಯಿತೆಂದೇ ಲೆಕ್ಕ. ಹೀಗೆ ಲಕ್ಷಾಂತರ ಯಂತ್ರಗಳು ಅವರ ವಶವಾದವು. ಸೆಪ್ಟೆಂಬರ್ ಕೊನೆಗೆ ಆ ಕ್ರಮವಿಧಿಯನ್ನು ಬಹಿರಂಗಗೊಳಿಸಿದುದರಿಂದ ಅದು ಬೇರೆಯವರ ಕೈಗೂ ಸಿಕ್ಕಿತು. ಅಕ್ಟೋಬರ್ 21ರಂದು ಇಂಥ ಯಂತ್ರಗಳ ದಂಡು ಡೈನ್ ಎಂಬ ಕಂಪೆನಿಯ ಮೇಲೆ ಒಮ್ಮೆಲೇ ಮುಗಿಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವು ಅಮೇರಿಕದ ಬಹುಭಾಗದಲ್ಲಿ ಗಂಟೆಗಟ್ಟಲೆ ದೊರೆಯದಂತಾಯಿತು. ಮೂವರೂ 2017ರಲ್ಲಿ ತಪ್ಪೊಪ್ಪಿಕೊಂಡರು. 2018ರಲ್ಲಿ ಅವರಿಗೆ ಐದು ವರ್ಷಗಳ ನಿಗಾವಣೆಯೂ 2,500 ಗಂಟೆಗಳ ಸಮಾಜಸೇವೆಯೂ ಶಿಕ್ಷೆಯಾಗಿ ದೊರೆತವು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದುದು ಬೇರೊಂದು ಸಂಗತಿ. ಆ ಕ್ಯಾಮರಾಗಳ ಒಡೆಯರಲ್ಲಿ ಬಹುಮಂದಿಗೆ ಏನೂ ತಿಳಿಯಲಿಲ್ಲ. ಕ್ಯಾಮರಾ ಎಂದಿನಂತೆ ಅಂಗಳವನ್ನು ತೋರಿಸುತ್ತಲೇ ಇತ್ತು. ಒಳಗಿನಿಂದ ಬೇರೆಯವರ ಚಾಕರಿಯನ್ನೂ ಮಾಡುತ್ತಿತ್ತು. ಮಿರಾಯ್ ಯಂತ್ರದ ತಾತ್ಕಾಲಿಕ ನೆನಪಿನಲ್ಲಿ ಮಾತ್ರ ಕೂಡ್ರುತ್ತಿದ್ದುದರಿಂದ ವಿದ್ಯುತ್ತು ಹೋಗಿ ಬಂದರೆ ತೊಳೆದುಹೋಗುತ್ತಿತ್ತಂತೆ. ಹಾಗಿದ್ದರೆ ಮಳೆಗಾಲದಲ್ಲಿ ನಮ್ಮ ಹಳದೀಪುರದಷ್ಟು ಸುರಕ್ಷಿತ ಸ್ಥಳ ಭೂಮಂಡಲದಲ್ಲಿಯೇ ಇನ್ನೊಂದಿಲ್ಲವೆಂದು ನಾನು ಸ್ವಲ್ಪ ಹೆಮ್ಮೆಪಟ್ಟೆ. ಆದರೆ ಪಾಸ್‌ವರ್ಡ್ ಬದಲಾಯಿಸದಿದ್ದರೆ ವಿದ್ಯುತ್ತು ಬಂದ ಕೆಲವೇ ನಿಮಿಷಗಳಲ್ಲಿ ಅದೂ ಮರಳಿ ಬರುತ್ತಿತ್ತೆಂದು ಮುಂದೆ ಓದಿದ ಮೇಲೆ ಆ ಹೆಮ್ಮೆ ಉಳಿಯಲಿಲ್ಲ.

ಅದು ಯಂತ್ರವನ್ನು ಕದ್ದವರ ಕಥೆ. ಚಿತ್ರವನ್ನೇ ಕದ್ದವರೂ ಇದ್ದಾರೆ. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟದ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮರಾದ ಚಿತ್ರಗಳು ಯೂಟ್ಯೂಬಿನಲ್ಲಿಯೂ ಟೆಲಿಗ್ರಾಮಿನಲ್ಲಿಯೂ ಕಾಣಿಸಿಕೊಂಡವು. ಪರೀಕ್ಷೆಗಾಗಿ ಬಂದ ಹೆಂಗಸರ ಚಿತ್ರಗಳು ಹಣಕ್ಕೆ ಮಾರಾಟವಾದವು. ಕಾವಲಿಗೆಂದು ಇಟ್ಟ ಕಣ್ಣು ಅದು. ಇನ್ನು ಛತ್ರದ ಕಾವಲುಗಾರರ ಮಾತು. ರಿಂಗ್ ಎಂಬ ಕಂಪೆನಿಯ ಒಬ್ಬ ನೌಕರನು ಹೆಂಗಸರು ತಮ್ಮ ಖಾಸಗಿ ಕೋಣೆಗಳಲ್ಲಿ ಇರಿಸಿಕೊಂಡಿದ್ದ ಕ್ಯಾಮರಾಗಳ ಸಾವಿರಾರು ವೀಡಿಯೋಗಳನ್ನು ತಿಂಗಳುಗಟ್ಟಲೆ ನೋಡಿದನೆಂದು ಅಮೇರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು. ಕಂಪೆನಿ 58 ಲಕ್ಷ ಡಾಲರ್ ಕೊಡಲು ಒಪ್ಪಿಕೊಂಡಿತು. ಮಾತು ಕೇಳಿ ಉತ್ತರ ಕೊಡುವ ಒಂದು ಗೊಂಬೆಯನ್ನು ಜರ್ಮನಿಯ ಸರಕಾರ 2017ರಲ್ಲಿ ಗುಪ್ತವಾಗಿ ಆಲಿಸುವ ಉಪಕರಣವೆಂದು ಪರಿಗಣಿಸಿ ನಿಷೇಧಿಸಿತು. ಗೊಂಬೆಯ ಮೇಲೆ ಸರಕಾರ ಕೋಪಿಸಿಕೊಂಡುದನ್ನು ಓದಿ ಮೊದಲು ನಗು ಬಂದಿತು. ಅದು ಮಕ್ಕಳ ಹಾಸಿಗೆಯ ಬಳಿಯ ಮಾತನ್ನು ಹೊರಗೆ ಕಳಿಸಬಲ್ಲುದಾಗಿತ್ತೆಂದು ತಿಳಿದಾಗ ನಗು ನಿಂತಿತು.

ಇದಕ್ಕೆಲ್ಲ ಕಾನೂನಿಲ್ಲವೆ ಎಂದು ಮಿತ್ರರು ಕೇಳಬಹುದು. ರಾಜ್ಯಶಾಸ್ತ್ರದ ವಿದ್ಯಾರ್ಥಿನಿಯಾದ ನಾನೂ ಅದನ್ನೇ ಕೇಳಿಕೊಂಡೆ. ನಮ್ಮ ದೇಶದಲ್ಲಿ ಈ ಪ್ರಶ್ನೆ ಮನೆಯ ಬಾಗಿಲಿನಿಂದಲೇ ಆರಂಭವಾಗಿದೆಯೆಂಬುದು ಗಮನಾರ್ಹ. ಖರಕ್ ಸಿಂಗ್ ಎಂಬ ಉತ್ತರ ಪ್ರದೇಶದ ಒಬ್ಬ ವ್ಯಕ್ತಿಯ ಮನೆಗೆ ಪೊಲೀಸರು ರಾತ್ರಿ ಹೊತ್ತು ಬಂದು ಬಾಗಿಲು ತಟ್ಟಿ, ಅವನು ಒಳಗಿದ್ದಾನೆಯೆ ಎಂದು ನೋಡಿ ಹೋಗುತ್ತಿದ್ದರು. ದರೋಡೆಯ ಆರೋಪದಿಂದ ಬಿಡುಗಡೆಯಾಗಿದ್ದರೂ ಈ ಕಾವಲು ತಪ್ಪಿರಲಿಲ್ಲ. 1962ರಲ್ಲಿ ಸುಪ್ರೀಂ ಕೋರ್ಟು ಆ ರಾತ್ರಿಯ ಭೇಟಿಗಳನ್ನು ರದ್ದುಗೊಳಿಸಿತಾದರೂ, ಖಾಸಗಿತನವೆಂಬುದು ಸಂವಿಧಾನದಲ್ಲಿ ಹೇಳಿದ ಹಕ್ಕಲ್ಲವೆಂದು ಬಹುಮತದಿಂದ ತೀರ್ಮಾನಿಸಿತು. ಆ ಮಾತು ಅಳಿಸಿಹೋಗಲು 55 ವರ್ಷ ಬೇಕಾಯಿತು. ಅಳಿಸಿದ ಮೊಕದ್ದಮೆ ನಮ್ಮ ಕರ್ನಾಟಕದವರದು. ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಳಗೇ ಸೇರಿದ ಮೂಲಭೂತ ಹಕ್ಕೆಂದು ಸಾರಿದರು. ಪುಟ್ಟಸ್ವಾಮಿಯವರು 2024ರಲ್ಲಿ ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅದರ ಬಳಿಕ 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಒಂದು ಕಾಯಿದೆಯೂ, 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಬಂದಿವೆ. 2025ರ ಏಪ್ರಿಲ್ 9ರಿಂದ, ಮಾರಾಟಕ್ಕೆ ಬರುವ ಸಿಸಿಟಿವಿ ಕ್ಯಾಮರಾಗಳು ಸುರಕ್ಷತೆಯ ಪರೀಕ್ಷೆಗೆ ಒಳಗಾಗಬೇಕೆಂದು ಕೇಂದ್ರ ಸರಕಾರ ಗೊತ್ತುಮಾಡಿದೆ. ಇವೆಲ್ಲ ಒಳ್ಳೆಯವು. ಆದರೆ ಮೊದಲೇ ಗೋಡೆಯೇರಿದ ಕ್ಯಾಮರಾವನ್ನು ಇಳಿಸಿ ಪರೀಕ್ಷಿಸಲು ಯಾರೂ ಹಳದೀಪುರಕ್ಕೆ ಬರುವುದಿಲ್ಲ. ಮೇಲಾಗಿ 2023ರ ಕಾಯಿದೆಯಲ್ಲಿಯೇ ಒಂದು ಮಾತಿದೆ: ಒಬ್ಬ ವ್ಯಕ್ತಿ ತನ್ನ ಸ್ವಂತದ ಅಥವಾ ಮನೆಯ ಉದ್ದೇಶಕ್ಕಾಗಿ ಬಳಸಿಕೊಳ್ಳುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಅದೂ ಸರಿಯೇ. ಅಣ್ಣ ತಂಗಿಯರ ನಡುವೆ ಸರಕಾರ ಬಂದು ಕೂಡ್ರುವುದು ಯಾರಿಗೆ ಬೇಕು? ಕಂಪೆನಿಯನ್ನು ಕಾನೂನು ಪ್ರಶ್ನಿಸಬಹುದು, ಕಳ್ಳನನ್ನು ಪೊಲೀಸರು ಹಿಡಿಯಬಹುದು. ಮಗನು ತಾಯಿಯನ್ನು ಎಷ್ಟು ಹೊತ್ತು ನೋಡಬಹುದೆಂಬುದನ್ನು ಮನೆಯವರೇ ಕುಳಿತು ತೀರ್ಮಾನಿಸಬೇಕು.

ನಾವೂ ಕುಳಿತೆವು, ಆಯಿ ಮತ್ತು ನಾನು ನಡುಮನೆಯಲ್ಲಿ, ಅಣ್ಣ ಫೋನಿನಲ್ಲಿ. ಪಂಜಿ ಮುಚ್ಚಿದ್ದನ್ನು ಕಂಡು ಅವನಿಗೆ ಮೊದಲೇ ನೋವಾಗಿತ್ತು. “ನಾನೇನು ಕಳ್ಳನೇನೇ? ನೀನಿಲ್ಲದಾಗ ಆಯಿ ಬಿದ್ದುಗಿದ್ದರೆ ಯಾರು ನೋಡುವವರು?” ಎಂದ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಪೂರ್ತಿಯಾಗಿ ಇಲ್ಲ. ನಾನು ಅವನನ್ನು ಒಂದು ಮಾತು ಕೇಳಿದೆ. “ನೀನು ಊರಲ್ಲಿದ್ದಾಗ ಆಯಿ ಮಿಂದು ಬರುವ ಹೊತ್ತಿಗೆ ಎದ್ದು ಅಂಗಳಕ್ಕೆ ಹೋಗುತ್ತಿದ್ದೆಯಲ್ಲ, ಯಾಕೆ?” ಅವನು ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, ತನ್ನ ಕೆಲಸದ ಜಾಗದಲ್ಲಿ ತಲೆಯ ಮೇಲೆಯೇ ಒಂದು ಕ್ಯಾಮರಾ ಇದೆಯೆಂದೂ, ಮೊದಲ ವರ್ಷ ಕುತ್ತಿಗೆ ತುರಿಸಿಕೊಳ್ಳುವುದಕ್ಕೂ ಸಂಕೋಚವಾಗುತ್ತಿತ್ತೆಂದೂ, ಈಗ ರೂಢಿಯಾಗಿದೆಯೆಂದೂ ಹೇಳಿದ. ಅಷ್ಟು ವರ್ಷಗಳಲ್ಲಿ ಅವನು ನಮಗೆ ಅದನ್ನು ಹೇಳಿರಲಿಲ್ಲ. “ನಮಗೆ ಆ ರೂಢಿ ಬೇಡ ತಮಾ” ಎಂದು ಆಯಿ ಮೆಲ್ಲಗೆ ಅಂದಳು.

ಕೊನೆಗೆ ಆದ ಒಪ್ಪಂದ ಇಷ್ಟು. ಕ್ಯಾಮರಾ ಮನೆಯ ಕಡೆಗೆ ಬೆನ್ನು ಮಾಡಿ ಅಂಗಳವನ್ನೂ ದಣಪೆಯನ್ನೂ ನೋಡಬೇಕು. ಕಳ್ಳ ಬರುವುದಾದರೂ ಆ ದಾರಿಯಿಂದಲೇ. ಮಾತನ್ನು ಹಿಡಿಯುವ ಗುಂಡಿ ಮುಚ್ಚಿರಬೇಕು. ಒಡೆತನ ಅಣ್ಣನ ಹೆಸರಿನಲ್ಲಿ, ಪಾಸ್‌ವರ್ಡ್ ಹೊಸದು. ಕ್ಯಾಮರಾದ ಸ್ವಿಚ್ಚು ಆಯಿಯ ಕೈಗೆ ಎಟಕುವಂತಿರಬೇಕು. ಅವಳು ಆರಿಸಿದರೆ ಯಾಕೆಂದು ಯಾರೂ ಕೇಳಬಾರದು. ಅಣ್ಣ ದಿನಾ ರಾತ್ರಿ ಫೋನು ಮಾಡಬೇಕು. ಮೊದಲ ನಾಲ್ಕೂ ಒಂದೇ ಸಂಜೆಯಲ್ಲಿ ಮುಗಿದವು. ಐದನೆಯದು ವಾರಕ್ಕೊಮ್ಮೆಯಾದರೂ ತಪ್ಪುತ್ತದೆ. ದೊಡ್ಡಮ್ಮ ಮಾತ್ರ ಮರುವಾರದಿಂದಲೇ ಹೂವಿನ ಬುಟ್ಟಿ ಹಿಡಿದುಕೊಂಡು ಜಗಲಿಗೆ ಬಂದಳು.

ಈ ಸಂಚಿಕೆಯನ್ನು ಓದುವ ಸಹಪಾಠಿಗಳಲ್ಲಿ ಅನೇಕರ ಮನೆಗಳಲ್ಲಿ ಕೈಪಿಡಿ ಓದುವ ಕೆಲಸ ಅವರದೇ ಇರುತ್ತದೆಂದು ನಾನು ಬಲ್ಲೆ. ಅಂಥವರಲ್ಲಿ ನನ್ನದೊಂದು ವಿಜ್ಞಾಪನೆ. ಈ ರಜೆಯಲ್ಲಿ ಮನೆಗೆ ಹೋದಾಗ ಕ್ಯಾಮರಾ, ಟಿ. ವಿ., ಮಾತಿಗೆ ಉತ್ತರ ಕೊಡುವ ಡಬ್ಬಿ, ಏನಿದ್ದರೂ ಅದರ ಆ್ಯಪನ್ನು ತೆರೆದು ಒಡೆಯನ ಹೆಸರನ್ನೂ ನೋಡುವ ಅನುಮತಿಯಿರುವವರ ಪಟ್ಟಿಯನ್ನೂ ಓದಿರಿ. ಪರಿಚಯವಿಲ್ಲದ ಹೆಸರಿದ್ದರೆ ತೆಗೆದುಹಾಕಿರಿ. ಕಾರ್ಖಾನೆಯವರೋ ಕೂಡಿಸಿದವರೋ ಇಟ್ಟ ಪಾಸ್‌ವರ್ಡನ್ನು ಬದಲಾಯಿಸಿರಿ. ರೌಟರಿನದನ್ನು ಮರೆಯಬೇಡಿರಿ, ಏಕೆಂದರೆ ಹೆಬ್ಬಾಗಿಲು ಅದೇ. ಕಂಪೆನಿ ಆಗಾಗ ಕಳಿಸುವ ತಿದ್ದುಪಡಿಗಳನ್ನು ಹಾಕಿಕೊಳ್ಳಿರಿ. ಕಂಡುಹಿಡಿದ ಬಿರುಕುಗಳನ್ನು ಮುಚ್ಚುವುದು ಅವುಗಳಿಂದ. ಹಳೆಯ ಯಂತ್ರಕ್ಕೆ ತಿದ್ದುಪಡಿ ಬರುವುದೇ ನಿಂತಿದ್ದರೆ ಅದನ್ನು ಇಂಟರ್‌ನೆಟ್ಟಿನಿಂದ ಬಿಡಿಸಿರಿ. ಮಲಗುವ ಕೋಣೆಯಲ್ಲಿ, ಹೆಂಗಸರು ಮಕ್ಕಳು ಬಟ್ಟೆ ಬದಲಾಯಿಸುವಲ್ಲಿ ಕ್ಯಾಮರಾ ಇದ್ದರೆ ಅದನ್ನು ತೆಗೆಯಲು ಹೇಳಿರಿ. ಕೇಡು ನಡೆದೇಹೋಗಿದ್ದರೆ ನಾಚಿ ಕೂಡ್ರದೆ 1930 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಡಬಹುದು. ಎಲ್ಲಕ್ಕಿಂತ ಮೊದಲು, ಆ ಕಣ್ಣಿನ ಕೆಳಗೆ ದಿನವಿಡೀ ಇರುವವರನ್ನು ಕೇಳಿರಿ. ಕ್ಯಾಮರಾ ಬೇಕೆಂದು ಹೇಳುವವರು ಸಾಮಾನ್ಯವಾಗಿ ಹೊರಗಿರುವವರು. ಒಳಗಿರುವವರನ್ನು ಕೇಳುವ ಪದ್ಧತಿ ನಮ್ಮಲ್ಲಿ ಕಡಿಮೆ.

ಈ ಮಾತನ್ನು ನಾನು ಬರೆಯುತ್ತಿರುವುದು ಪರರಿಗಾಗಿ ಮಾತ್ರವಲ್ಲ. ಪರೀಕ್ಷೆ ಮುಗಿದ ಬಳಿಕ ಕೆಲಸ ಹುಡುಕಿಕೊಂಡು ಬೆಂಗಳೂರಿಗೋ ಹುಬ್ಬಳ್ಳಿಗೋ ನಾನು ಹೋಗಲೇಬೇಕಾಗಿದೆ. ಆಗ ಆಯಿ ಮನೆಯಲ್ಲಿ ಒಬ್ಬಳೇ ಉಳಿಯುತ್ತಾಳೆ. ಇದುವರೆಗೆ ಕಣ್ಣಿನ ಈಚೆಗೆ ಇದ್ದವಳು ನಾನು. ಇನ್ನು ಆಚೆಗೆ ಹೋಗುತ್ತೇನೆ. ರಾತ್ರಿ ಎರಡು ಸಲ ಫೋನು ಮಾಡಿ ಅವಳು ಎತ್ತದಿದ್ದರೆ, ಕ್ಯಾಮರಾವನ್ನು ಒಳಗೆ ತಿರುಗಿಸಿದ್ದರೆ ಚೆನ್ನಾಗಿತ್ತೆಂದು ನನಗೂ ಅನಿಸದೆ ಇರುವುದೆ? ಅಣ್ಣನ ಪ್ರಶ್ನೆ ಆಗ ನನ್ನ ಪ್ರಶ್ನೆಯಾಗುತ್ತದೆ.

ಮೊನ್ನೆ ಈ ಮಾತನ್ನು ಆಯಿಯ ಹತ್ತಿರವೇ ತೆಗೆದೆ. ನಾನು ಹೋದ ಮೇಲೆ ಒಳಗೊಂದು ಕ್ಯಾಮರಾ ಇಡೋಣವೆ ಎಂದು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ, “ಇಡೂಕೆ ಅಡ್ಡಿಲ್ಲ. ಆದ್ರೆ ನೋಡೂಕೆ ಮುಂಚೆ ಒಂದು ಕರೆ ಮಾಡು. ದಣಪೆ ಹತ್ರ ನಿಂತು ಕೂಗಿ ಬರೂದಿಲ್ವಾ, ಹಾಂಗೆ” ಎಂದಳು. ಯಂತ್ರದಲ್ಲಿ ಅಂಥ ಏರ್ಪಾಡು ಇದೆಯೆ ಎಂದು ಕೈಪಿಡಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಅದಕ್ಕಾಗಿ ಅಣ್ಣನೂ ನಾನೂ ಮೊದಲು ಫೋನು ಮಾಡಿ, ಆಯಿ ಹೂಂ ಎಂದ ಮೇಲೆಯೇ ನೋಡುವುದೆಂದು ಮಾತು ಕೊಟ್ಟಿದ್ದೇವೆ. ಕ್ಯಾಮರಾವನ್ನು ಇನ್ನೂ ತಂದಿಲ್ಲ.